ಅಂಜುವವರ ಆರು ನಿಮಿಷ

ನನ್ನ ಮೊದಲ ಅಭ್ಯಾಸ ಪಾಠದ ವೀಕ್ಷಣಾ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ವಿಷಯ ಸಮಾಜ ವಿಜ್ಞಾನ, ತರಗತಿ ಒಂಬತ್ತು, ಘಟಕ ಕರ್ನಾಟಕದ ನದಿಗಳು. ಕೆಳಗೆ ನಾಲ್ಕು ಸಾಲುಗಳಿವೆ: ‘ಧ್ವನಿ ಸಾಲದು. ಪಾಠದ ಬಹುಭಾಗ ತರಗತಿಗೆ ಬೆನ್ನು ಮಾಡಿ ನಿಂತಿದ್ದಾರೆ. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸಿಲ್ಲ. ಆತ್ಮವಿಶ್ವಾಸ ಬೆಳೆಸಿಕೊಳ್ಳಬೇಕು.’

ನಾಲ್ಕೂ ನಿಜ. ಅಂದು ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಅಕ್ಕೋರ, ಮಲಪ್ರಭಾ ಕಡೀಕ ಎಲ್ಲಿ ಹೋಗಿ ಕೂಡತೈತ್ರಿ?” ಎಂದು ಕೇಳಿದ್ದ. ನಾನು ರಾಮದುರ್ಗದವಳು. ಆ ನದಿಯ ದಂಡೆಯ ಮೇಲೆಯೇ ಬೆಳೆದವಳು. ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ನಮ್ಮೂರ ಮಗ್ಗುಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ ಅದು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ನಲವತ್ತು ಜೊತೆ ಕಣ್ಣುಗಳು ನನ್ನ ಕಡೆಗೆ ತಿರುಗಿದ ಕ್ಷಣದಲ್ಲಿ ಗಂಟಲು ಒಣಗಿ, ಕಿವಿ ಬಿಸಿಯಾಗಿ, ಕೈಯಲ್ಲಿದ್ದ ಸೀಮೆಸುಣ್ಣ ನಡುಗತೊಡಗಿತು. ನಡುಕ ಕಾಣಬಾರದೆಂದು ಹಲಗೆಯ ಕಡೆಗೆ ತಿರುಗಿ, ಮೊದಲೇ ಬರೆದಿದ್ದ ಶೀರ್ಷಿಕೆಯ ಮೇಲೆ ಮತ್ತೆ ಬರೆಯುತ್ತಾ ನಿಂತೆ. ಗಂಟೆ ಬಾರಿಸುವವರೆಗೂ ಹಾಗೆಯೇ ನಿಂತಿದ್ದೆ.

ಹಾಳೆಯ ಕೊನೆಯ ಸಾಲನ್ನು ನಾನು ಬಹಳ ದಿನ ಯೋಚಿಸಿದೆ. ಆತ್ಮವಿಶ್ವಾಸ ಬೆಳೆಸಿಕೊಳ್ಳಬೇಕು, ಸರಿ. ಹೇಗೆ? ಪೀಠಿಕೆ ಹಾಕುವುದಕ್ಕೆ, ಪ್ರಶ್ನೆ ಕೇಳುವುದಕ್ಕೆ, ಕಪ್ಪುಹಲಗೆ ಬಳಸುವುದಕ್ಕೆ ನಮ್ಮಲ್ಲಿ ಒಂದೊಂದು ಕೌಶಲದ ಹಾಳೆ ಇದೆ, ಅದರಲ್ಲಿ ಅಂಶಗಳಿವೆ, ಅಂಕಗಳಿವೆ. ಈ ಕೊನೆಯ ಸಾಲಿಗೆ ಮಾತ್ರ ಹಾಳೆಯಿರಲಿಲ್ಲ.

ಮುಂದಿನ ನಾಲ್ಕು ಪಾಠಗಳಿಗೆ ನಾನು ಹೋಗಲಿಲ್ಲ. ಒಮ್ಮೆ ಜ್ವರ ಎಂದೆ, ಒಮ್ಮೆ ಊರಲ್ಲಿ ಮದುವೆ ಎಂದೆ. ಹಾಸ್ಟೆಲ್ಲಿನಲ್ಲಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಊಟದ ಪಂಕ್ತಿಯಲ್ಲಿ ಕೂಡುವುದನ್ನೂ ಬಿಟ್ಟೆ. ಕೊನೆಗೆ ಒಂದು ದಿನ ಕಚೇರಿಯ ಕಿಟಕಿಯ ಮುಂದೆ ನಿಂತು, ಮೂಲ ಅಂಕಪಟ್ಟಿಗಳನ್ನು ಮರಳಿ ಪಡೆಯಲು ಅರ್ಜಿ ಹೇಗೆ ಕೊಡಬೇಕೆಂದು ಕೇಳಿದೆ. ಆ ಮಾತು ಕೇಳುವುದಕ್ಕೂ ಸರದಿಯಲ್ಲಿ ಎರಡು ಸಲ ನಿಂತು ಎರಡು ಸಲ ಹೊರಬಂದಿದ್ದೆ. ಕಾಲೇಜು ಬಿಡುವುದಕ್ಕೂ ಧೈರ್ಯ ಬೇಕಿತ್ತು, ಅದೂ ನನ್ನಲ್ಲಿರಲಿಲ್ಲ. ಇಂದು ನಾನು ಶಿಕ್ಷಕಿಯಾಗುವ ಹಾದಿಯಲ್ಲಿ ಉಳಿದಿದ್ದರೆ ಅದಕ್ಕೆ ಒಂದು ಕಾರಣ ಈ ಅರ್ಜಿ ಕೊಡಲಾಗದ ಅಂಜಿಕೆಯೇ ಎಂದು ನೆನೆದು ಈಗ ನಗುತ್ತೇನೆ.

ನಮ್ಮ ಕಡೆ ಇದಕ್ಕೆ ಹೆಸರುಗಳಿಗೇನೂ ಕಡಿಮೆಯಿಲ್ಲ. ನಾಚಿಕೆ ಸ್ವಭಾವ, ಅಂಜುಬುರುಕಿ, ಮುಖೇಡಿ. ಸ್ವಲ್ಪ ಓದಿದವರು ಸಭಾಕಂಪ ಎನ್ನುತ್ತಾರೆ. ಆದರೆ ಸಭಾಕಂಪ ಎಲ್ಲರಿಗೂ ಇರುತ್ತದೆ. ಮೊದಲ ಐದು ನಿಮಿಷ ಕಾಡಿ ಇಳಿದುಹೋಗುತ್ತದೆ. ನನ್ನದು ಇಳಿಯುತ್ತಿರಲಿಲ್ಲ. ಗ್ರಂಥಾಲಯದ ಮನೋವಿಜ್ಞಾನದ ಪುಸ್ತಕದಲ್ಲಿ ಅದರ ಹೆಸರು ಸಿಕ್ಕಿತು: ಸಾಮಾಜಿಕ ಆತಂಕ. ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಇದು ಪ್ರತ್ಯೇಕ ಹೆಸರಿನಿಂದ ಸೇರಿದ್ದು 1980ರಲ್ಲಿ. ಇತರರು ನೋಡುತ್ತಾರೆ, ತೂಗುತ್ತಾರೆ, ನಗುತ್ತಾರೆ ಎಂಬ ಭಯ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತು, ಮನುಷ್ಯ ಆ ಸಂದರ್ಭಗಳನ್ನೇ ತಪ್ಪಿಸತೊಡಗಿ, ಓದು, ಕೆಲಸ, ಸಂಬಂಧಗಳಿಗೆ ಪೆಟ್ಟು ಬಿದ್ದರೆ ಅದನ್ನು ಬರೀ ನಾಚಿಕೆ ಎನ್ನುವುದಿಲ್ಲ. ಸಾಮಾನ್ಯವಾಗಿ ಇದು ಹದಿಹರೆಯದಲ್ಲಿ ಶುರುವಾಗುತ್ತದೆ. ಅಂದರೆ ನಾವು ಯಾರಿಗೆ ಪಾಠ ಮಾಡಲು ಹೋಗುತ್ತೇವೆಯೋ ಆ ವಯಸ್ಸಿನಲ್ಲಿ.

ಅದೇ ಪುಸ್ತಕದಲ್ಲಿ ಗುಂಪು ಚಿಕಿತ್ಸೆ ಎಂಬ ಮಾತೂ ಇತ್ತು. ಓದಿ ನನಗೆ ಆಶ್ಚರ್ಯವಾಯಿತು. ಜನರನ್ನು ಕಂಡರೆ ಅಂಜುವವರನ್ನು ಜನರ ನಡುವೆ ಕೂರಿಸುವುದೇ? ನೀರಿಗೆ ಅಂಜುವವರನ್ನು ಬಾವಿಗೆ ನೂಕಿದ ಹಾಗಲ್ಲವೇ? ಆದರೂ ಆ ಪುಟವನ್ನು ಮೂರು ಸಲ ಓದಿದೆ. ನನ್ನಂಥವರು ಇನ್ನೂ ಇದ್ದಾರೆ, ಅವರು ಒಂದು ಕೋಣೆಯಲ್ಲಿ ಕೂಡುತ್ತಾರೆ ಎಂಬ ಸಂಗತಿಯೇ ದೊಡ್ಡದಾಗಿ ಕಂಡಿತು.

ಬೈಲಹೊಂಗಲದಲ್ಲಿ ಅಂಥದ್ದು ಎಲ್ಲಿ ಹುಡುಕುವುದು? ಕೊನೆಗೆ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಹಾಸ್ಟೆಲ್ಲಿನ ಮಾಳಿಗೆಯ ಮೇಲೆ ನಿಂತು ಎರಡು ಸಲ ಕರೆ ಮಾಡಿ, ಆ ಕಡೆಯಿಂದ ದನಿ ಬಂದ ಕೂಡಲೇ ಕಟ್ ಮಾಡಿದೆ. ಮೂರನೆಯ ಸಲ ಕಾಗದದಲ್ಲಿ ಬರೆದುಕೊಂಡು ಓದಿದೆ. “ಬರೆದುಕೊಂಡು ಓದುತ್ತಿದ್ದೀರಲ್ಲ? ಪರವಾಗಿಲ್ಲ, ಓದಿ ಮುಗಿಸಿ, ಆಮೇಲೆ ಮಾತಾಡೋಣ” ಎಂದರು ಆ ಕಡೆಯವರು. ನಾನು ಅಳತೊಡಗಿದೆ. ಅವರು ಕಾದರು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರದ ಬಗ್ಗೆ, ಧಾರವಾಡದ ಡಿಮ್ಹಾನ್ಸ್ ಬಗ್ಗೆ ತಿಳಿಸಿದರು. ಪರಿಚಯದವರು ಕಾಣದ ಊರೇ ನನಗೆ ಒಳ್ಳೆಯದೆನಿಸಿತು. ಧಾರವಾಡವನ್ನು ಆರಿಸಿಕೊಂಡೆ.

ಮನೆಯಲ್ಲಿ ಹೇಳಿದಾಗ ಅವ್ವ ನೂಲಿನ ಲಡಿ ಕೆಳಗಿಟ್ಟು ಕೇಳಿದಳು: “ಧಾರವಾಡಕ್ಕ? ಯಾವ ದವಾಖಾನಿಗಿ?” ನಾನು ಸುಮ್ಮನಾದೆ. ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಯಾರಾದರೂ ತಲೆಗೆಟ್ಟಂತೆ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಿಸಬೇಕು’ ಎನ್ನುವ ಚೇಷ್ಟೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚರ ಆಸ್ಪತ್ರೆಯೆಂದು ಆರಂಭವಾದ ಸಂಸ್ಥೆ ಇಂದು ಬೋಧನೆ, ಚಿಕಿತ್ಸೆ ಎರಡೂ ನಡೆಸುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಚೇಷ್ಟೆ ಮಾತ್ರ ಹಳೆಯದೇ ಉಳಿದಿದೆ. ಅವ್ವ ಸ್ವಲ್ಪ ಹೊತ್ತು ಬಿಟ್ಟು, “ಮುಂದ ಲಗ್ನದ ಮಾತು ಬರತೈತಿ. ಯಾರ ಮುಂದೂ ಹೇಳಬ್ಯಾಡ. ಆದ್ರ ಹೋಗಿ ಬಾ” ಎಂದಳು. ಹೋಗಬೇಡ ಎನ್ನಲಿಲ್ಲ ಎಂಬುದನ್ನು ನಾನು ಮರೆಯುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದ್ದರಿಂದ ಅಪ್ಪನ ಹತ್ತಿರ ಬಸ್ಸಿನ ದುಡ್ಡು ಕೇಳುವ ಪ್ರಸಂಗ ಬರಲಿಲ್ಲ.

ಧಾರವಾಡದಲ್ಲಿ ನನ್ನನ್ನು ನೋಡಿದ ಮನಶ್ಶಾಸ್ತ್ರಜ್ಞೆ ಮೊದಲು ಕೇಳಿದ್ದು, ಭಯವಾದಾಗ ಏನೇನು ಮಾಡುತ್ತೀರಿ ಎಂದು. ನಾನು ಪಟ್ಟಿ ಹೇಳಿದೆ: ಹಲಗೆಗೆ ತಿರುಗುತ್ತೇನೆ, ಚಾರ್ಟನ್ನು ಮುಖದ ಮುಂದೆ ಹಿಡಿಯುತ್ತೇನೆ, ಬೆವರು ಕಾಣದಿರಲೆಂದು ಬೇಸಿಗೆಯಲ್ಲೂ ಸ್ವೆಟರ್ ಹಾಕುತ್ತೇನೆ, ಪಾಠವನ್ನು ಬಾಯಿಪಾಠ ಮಾಡಿ ಒಂದೇ ಉಸಿರಿಗೆ ಒಪ್ಪಿಸುತ್ತೇನೆ. ಅವರು ಹೇಳಿದರು: ಇವೆಲ್ಲ ನಿಮ್ಮನ್ನು ಕಾಪಾಡುತ್ತಿವೆ ಎಂದು ನಿಮಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಇವು ಕಾಪಾಡುತ್ತಿರುವುದು ಭಯವನ್ನು. ಹಲಗೆಗೆ ತಿರುಗಿದ್ದರಿಂದ ಉಳಿದೆ ಎಂದುಕೊಳ್ಳುತ್ತೀರಿ. ತಿರುಗದಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ಅವಕಾಶವೇ ಬರುವುದಿಲ್ಲ. ಜೊತೆಗೆ, ನಡುಗುವ ಕೈಯನ್ನೇ ಗಮನಿಸುತ್ತಿರುವಾಗ ಎದುರಿನ ಮಕ್ಕಳ ಮುಖ ನಿಮಗೆ ಕಾಣುವುದೇ ಇಲ್ಲ. ನಗುತ್ತಿದ್ದಾರೆಂದು ಊಹಿಸುತ್ತೀರಿ, ನೋಡುವುದಿಲ್ಲ.

ನಾನು ಗುಂಪಿನ ವಿಷಯ ಕೇಳಿದೆ. ಅವರು ತಾಳ್ಮೆಯಿಂದ ವಿವರಿಸಿದರು. ಸಾಮಾಜಿಕ ಆತಂಕಕ್ಕೆ ಗುಂಪು ಚಿಕಿತ್ಸೆಯ ಒಂದು ಕ್ರಮವನ್ನು ಅಮೆರಿಕದ ರಿಚರ್ಡ್ ಹೈಂಬರ್ಗ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದರು. ಸುಮಾರು ಆರು ಜನ, ಇಬ್ಬರು ಚಿಕಿತ್ಸಕರು, ವಾರಕ್ಕೊಮ್ಮೆ ಎರಡೂವರೆ ತಾಸು, ಹನ್ನೆರಡು ವಾರ. ಭಯದ ಸನ್ನಿವೇಶವನ್ನು ಕೋಣೆಯೊಳಗೇ ಅಭಿನಯಿಸುತ್ತಾರೆ, ಮೊದಲು ಏನಾಗಬಹುದೆಂದು ಹೇಳುತ್ತಾರೆ, ನಂತರ ಏನಾಯಿತೆಂದು ನೋಡುತ್ತಾರೆ. ಒಬ್ಬೊಬ್ಬರೇ ಪಡೆಯುವ ಚಿಕಿತ್ಸೆಯೂ ಕೆಲಸ ಮಾಡುತ್ತದೆ, ಕೆಲವರಿಗೆ ಔಷಧವೂ ಬೇಕಾಗುತ್ತದೆ. ಗುಂಪಿನ ವಿಶೇಷವೆಂದರೆ ಅಲ್ಲಿ ಪ್ರೇಕ್ಷಕರು ಸಿದ್ಧವಾಗಿರುತ್ತಾರೆ, ಅವರೂ ಅಂಜುವವರೇ ಆಗಿರುತ್ತಾರೆ.

ಬೈಲಹೊಂಗಲದಿಂದ ಧಾರವಾಡಕ್ಕೆ ಹನ್ನೆರಡು ವಾರ ತಪ್ಪದೆ ಬರುವುದು ನನ್ನ ಹಾಜರಾತಿಗೆ ಹೊಂದುವಂತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಒಬ್ಬಳೇ ಬರುವುದೆಂದು ನಿಶ್ಚಯವಾಯಿತು. ಹೊರಡುವಾಗ ಅವರು, “ನಡುವಿನ ದಿನಗಳಲ್ಲಿ ಅಭ್ಯಾಸ ಬೇಕು. ನಿಮ್ಮ ಕಾಲೇಜಿನಲ್ಲಿ ಐದಾರು ಜನ ಕೂತು ಒಬ್ಬರನ್ನೊಬ್ಬರು ನೋಡುವಂಥ ಏರ್ಪಾಡು ಏನಾದರೂ ಇದೆಯೇ?” ಎಂದು ಕೇಳಿದರು.

ಬಸ್ಸು ಕಿತ್ತೂರು ದಾಟುವ ಹೊತ್ತಿಗೆ ನನಗೆ ಹೊಳೆಯಿತು. ಇದೆ. ಅದರ ಹೆಸರು ಅಣುಬೋಧನೆ.

ಓದುಗ ಮಿತ್ರರಿಗೆ ಅಣುಬೋಧನೆಯ ಚಕ್ರ ಬಾಯಿಪಾಠವಿರುತ್ತದೆ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು ಆರಂಭಿಸಿದ ಕ್ರಮ. ಭಾರತದಲ್ಲಿ ನಾವು ಅನುಸರಿಸುವ ಮಾದರಿಯಲ್ಲಿ ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6, ಒಟ್ಟು 36 ನಿಮಿಷ. ಎದುರಿಗೆ ವಿದ್ಯಾರ್ಥಿಗಳಾಗಿ ಕೂಡುವವರು ಸಹಪಾಠಿಗಳು. ಮೊದಲ ವರ್ಷ ನಾನು ಇದನ್ನು ಅಂಕಕ್ಕಾಗಿ ಮಾಡಿ ಮುಗಿಸಿದ್ದೆ. ಈಗ ನೋಡಿದರೆ ಹೈಂಬರ್ಗ್ ಅವರ ಕೋಣೆಗೂ ನಮ್ಮ ಅಣುಬೋಧನೆಯ ಕೋಣೆಗೂ ಬಹಳ ನಂಟಿತ್ತು. ಸಣ್ಣ ಗುಂಪು, ಸಣ್ಣ ಅವಧಿ, ಒಂದು ಸಲಕ್ಕೆ ಒಂದೇ ಕೌಶಲ, ತಪ್ಪಿದರೆ ಕೂಡಲೇ ಮತ್ತೊಂದು ಅವಕಾಶ. ನಮ್ಮಲ್ಲಿ ಇಲ್ಲದ್ದು ಒಂದೇ, ಅಂಜಿಕೆಯ ಬಗ್ಗೆ ಬಾಯಿಬಿಟ್ಟು ಮಾತಾಡುವ ಅನುಮತಿ.

ಮನೋವಿಜ್ಞಾನದ ಮೇಡಂ ಅವರಿಗೆ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, “ಅಂಜುವವರು ಬರ್ರಿ ಅಂತ ನೋಟಿಸ್ ಹಾಕಿದ್ರ ಯಾರು ಬರತಾರವ್ವಾ?” ಎಂದರು. ಅದೇ ಈ ವಿಷಯದ ಗಂಟು. ಬೆನ್ನುನೋವಿನವರು ಆಸ್ಪತ್ರೆಯ ಬಾಗಿಲಿಗೆ ಹೋಗಬಲ್ಲರು. ನಮ್ಮ ನೋವಿಗೆ ಬಾಗಿಲೇ ಅಡ್ಡ. ಕೊನೆಗೆ ಅವರು, ‘ಅಣುಬೋಧನೆಯನ್ನು ಮತ್ತೊಮ್ಮೆ ಅಭ್ಯಾಸ ಮಾಡಬಯಸುವವರು ಶುಕ್ರವಾರ ನಾಲ್ಕು ಗಂಟೆಗೆ ಬರಬಹುದು, ಅಂಕಗಳಿಲ್ಲ’ ಎಂದು ಬರೆಸಿದರು. ಮೊದಲ ಶುಕ್ರವಾರ ನಾನೊಬ್ಬಳೇ. ಎರಡನೆಯ ಶುಕ್ರವಾರ ಒಬ್ಬ ಹುಡುಗ ಬಾಗಿಲ ಮುಂದೆ ಮೂರು ಸಲ ಹಾದುಹೋದ, ನಾಲ್ಕನೆಯ ಸಲ ಒಳಬಂದ. ತಿಂಗಳು ಮುಗಿಯುವಷ್ಟರಲ್ಲಿ ಐದು ಜನರಾದೆವು.

ಹೆಸರು ಬರೆಯುವುದಿಲ್ಲ, ಅದು ನಮ್ಮ ನಿಯಮ. ಊರಿನಿಂದ ಗುರುತಿಸುತ್ತೇನೆ, ಅದಕ್ಕೂ ಅವರ ಒಪ್ಪಿಗೆ ಪಡೆದಿದ್ದೇನೆ. ಸವದತ್ತಿಯ ಗೆಳೆಯ ಊರಿನ ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಾನೆ. ಹುಣ್ಣಿಮೆಯ ಜನಸಾಗರದಲ್ಲಿ ಯಲ್ಲಮ್ಮನ ಗುಡ್ಡದ ಮೇಲೆ ನುಡಿಸಿದ್ದಾನೆ. ಆದರೆ ನಾಲ್ಕು ಜನರ ಎದುರು ತುತ್ತು ಎತ್ತಲಾರ. ಕೈ ನಡುಗುತ್ತದೆ, ಅನ್ನ ಚೆಲ್ಲುತ್ತದೆ ಎಂದು ಭಯ. ಕಿತ್ತೂರಿನ ಗೆಳತಿ ಶಾಲೆಯಲ್ಲಿ ಚೆನ್ನಮ್ಮನ ವೇಷ ಹಾಕಿ ಥ್ಯಾಕರೆಯನ್ನು ಎದುರಿಸುವ ಮಾತುಗಳನ್ನು ಗುಡುಗಿದವಳು. ವೇಷ ಕಳಚಿ ತನ್ನ ಮಾತು ತಾನೇ ಆಡಬೇಕಾದರೆ ಬಾಯಿ ಕಟ್ಟುತ್ತದೆ. ಬೈಲಹೊಂಗಲದ ಗೆಳತಿಗೆ ಯಾರಾದರೂ ನೋಡುತ್ತಿದ್ದರೆ ಸಹಿ ಹಾಕಲಾಗುವುದಿಲ್ಲ. ಐದನೆಯವನು ಹೊಸಬರೊಡನೆ ಫೋನಿನಲ್ಲಿ ಮಾತಾಡಲಾರ. ಒಂದೇ ಅಂಜಿಕೆ, ಐದು ವೇಷ. ಇದನ್ನು ಹಂಚಿಕೊಂಡ ದಿನ ನಾವು ಬಹಳ ನಕ್ಕೆವು. ಆ ನಗೆಯಲ್ಲಿ ಅಪಹಾಸ್ಯ ಇರಲಿಲ್ಲ. ಗುಂಪು ಚಿಕಿತ್ಸೆಯ ಬಗ್ಗೆ ಬರೆದ ಅರ್ವಿನ್ ಯಾಲೊಮ್, ಗುಂಪು ಗುಣಪಡಿಸುವ ಕಾರಣಗಳಲ್ಲಿ ‘ಇದು ನನಗೊಬ್ಬನಿಗೇ ಅಲ್ಲ’ ಎಂಬ ಅರಿವನ್ನು ಮುಖ್ಯವಾಗಿ ಎಣಿಸುತ್ತಾರೆ. ನಮಗೆ ಅದು ಪುಸ್ತಕಕ್ಕಿಂತ ಮೊದಲು ನಗೆಯಲ್ಲಿ ಸಿಕ್ಕಿತು.

ನಮ್ಮ ಕ್ರಮ ಸರಳವಾಗಿತ್ತು. ಪ್ರತಿಯೊಬ್ಬರೂ ಒಂದು ಏಣಿ ಬರೆದುಕೊಂಡೆವು. ಅತಿ ಕಡಿಮೆ ಅಂಜಿಕೆಯ ಕೆಲಸ ಕೆಳಗಿನ ಮೆಟ್ಟಿಲು, ಅತಿ ಹೆಚ್ಚಿನದು ಮೇಲಿನದು. ನನ್ನ ಕೆಳಗಿನ ಮೆಟ್ಟಿಲು, ಬಸ್ಸಿನಲ್ಲಿ ಕಂಡಕ್ಟರನನ್ನು ‘ಯರಗಟ್ಟಿ ಎಷ್ಟೊತ್ತಿಗೆ ಬರತೈತ್ರಿ?’ ಎಂದು ಎಲ್ಲರಿಗೂ ಕೇಳುವಂತೆ ಕೇಳುವುದು. ನಂತರದ್ದು, ಪೇಟೆಯ ಅಂಗಡಿಯಲ್ಲಿ ನಾಲ್ಕು ಸೀರೆ ಬಿಚ್ಚಿಸಿ ನೋಡಿ, ಬೇಡವೆಂದು ಹೇಳಿ ಬರುವುದು. ಮೇಲಿನದು, ಹಲಗೆ ಮುಟ್ಟದೆ, ಟಿಪ್ಪಣಿ ಹಿಡಿಯದೆ, ಆರು ನಿಮಿಷ ಮುಖ ನೋಡಿ ಪಾಠ ಮಾಡುವುದು. ಒಂದು ಮೆಟ್ಟಿಲು ಹತ್ತುವ ಮುನ್ನ ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಏನಾಗುತ್ತದೆಂದು ಅಂಜುತ್ತೇನೆ? ಅಂಜಿಕೆ ನೂರಕ್ಕೆ ಎಷ್ಟು? ಹತ್ತಿದ ಮೇಲೆ ಮತ್ತೆರಡು: ನಿಜವಾಗಿ ಏನಾಯಿತು? ಈಗ ಎಷ್ಟು? ‘ಅಂಗಡಿಯವರು ಬೈಯುತ್ತಾರೆ, 80’ ಎಂದು ಬರೆದಿದ್ದೆ. ಸೀರೆ ಮಡಚುತ್ತಾ ಅಂಗಡಿಯವರು, “ಹಬ್ಬಕ್ಕ ಹೊಸಾ ಮಾಲು ಬರತೈತಿ, ಆವಾಗ ಬರ್ರಿ” ಎಂದರು, ಅಷ್ಟೇ.

ಹಿಮ್ಮಾಹಿತಿಯ ರೀತಿಯನ್ನೂ ಬದಲಿಸಿದೆವು. ‘ಚೆನ್ನಾಗಿತ್ತು, ಅಂಜಬೇಡ’ ಎನ್ನುವುದನ್ನು ಬಿಟ್ಟೆವು, ಅದರಿಂದ ಯಾರಿಗೂ ಉಪಯೋಗವಿಲ್ಲ. ಕಂಡದ್ದನ್ನಷ್ಟೇ ಹೇಳಬೇಕು: ಎಷ್ಟು ಸಲ ನಮ್ಮ ಕಡೆ ನೋಡಿದಳು, ದನಿ ಕೊನೆಯ ಬೆಂಚಿಗೆ ಮುಟ್ಟಿತೇ. ಒಂದು ದಿನ ಮೇಡಂ ನನ್ನ ಪಾಠವನ್ನು ಮೊಬೈಲಿನಲ್ಲಿ ಚಿತ್ರಿಸಿದರು. ತೋರಿಸುವ ಮೊದಲು, ‘ನಿನ್ನ ಕೈ ಎಷ್ಟು ನಡುಗುತ್ತಿತ್ತು?’ ಎಂದು ಕೇಳಿದರು. ಎಲ್ಲರಿಗೂ ಕಾಣುವಷ್ಟು ಎಂದೆ. ವಿಡಿಯೊದಲ್ಲಿ ನಡುಕವನ್ನು ನಾನೇ ಹುಡುಕಬೇಕಾಯಿತು. ಒಳಗೆ ಭೂಕಂಪವಾಗುವಾಗ ಹೊರಗೆ ಎಲೆ ಅಲುಗಿದಷ್ಟೇ ಕಾಣುತ್ತದೆ ಎಂಬುದನ್ನು ಆ ಆರು ನಿಮಿಷದಲ್ಲಿ ಕಲಿತೆ. ಅದಾದ ಮೇಲೆ ಬೇಕೆಂದೇ ತಪ್ಪು ಮಾಡುವ ಪಾಠಗಳನ್ನೂ ಮಾಡಿದೆವು. ಸೀಮೆಸುಣ್ಣ ಬೀಳಿಸುವುದು, ಒಂದು ಪದ ತಪ್ಪು ಬರೆದು ತಿದ್ದಿಕೊಳ್ಳುವುದು, ನಡುವೆ ನಿಂತು ‘ಒಂದು ನಿಮಿಷ, ಮರೆತೆ’ ಎನ್ನುವುದು. ಸವದತ್ತಿಯ ಗೆಳೆಯ ಒಂದು ಶುಕ್ರವಾರ ಬುತ್ತಿ ತಂದು, ನಮ್ಮೆಲ್ಲರ ನಡುವೆ ಕೂತು ಒಂದು ರೊಟ್ಟಿಯನ್ನು ಇಪ್ಪತ್ತು ನಿಮಿಷ ತಿಂದ. ಅಂಥ ನಿಧಾನದ ಊಟವನ್ನು ನಾನು ಮತ್ತೆ ನೋಡಿಲ್ಲ.

ಇಷ್ಟನ್ನೇ ಬರೆದು ಮುಗಿಸಿದರೆ ಚೆಂದವಿರುತ್ತಿತ್ತು. ಆದರೆ ಇದರ ನಡುವೆ ನಾನು ಮಾಡಿದ ತಪ್ಪನ್ನು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ಆರನೆಯ ವಾರ ಕಿತ್ತೂರಿನ ಗೆಳತಿ, ಬಾಯಿ ಕಟ್ಟುವುದು ಯಾವಾಗ ಶುರುವಾಯಿತೆಂದು ಹೇಳಿದಳು. ಏಳನೆಯ ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟಾಗ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ಇಡೀ ತರಗತಿಯಿಂದ ನಗಿಸಿದ್ದರಂತೆ. ಅವಳು ಅದನ್ನು ಮನೆಯಲ್ಲೂ ಹೇಳಿರಲಿಲ್ಲ. ಅಂದು ರಾತ್ರಿ ನಾನು ನನ್ನ ಕೋಣೆಯ ಗೆಳತಿಗೆ ಇದನ್ನು ಹೇಳಿದೆ. ಕೆಟ್ಟ ಮನಸ್ಸಿನಿಂದಲ್ಲ, ‘ಪಾಪ, ನೋಡು’ ಎಂಬ ಕರುಣೆಯಿಂದ. ಕರುಣೆಗೂ ಬಾಯಿ ಇರುತ್ತದೆ. ಮೂರು ದಿನದಲ್ಲಿ ಅದು ಹಾಸ್ಟೆಲ್ ಸುತ್ತಿತು. ಸೋಮವಾರ ಬೆಳಿಗ್ಗೆ ತರಗತಿಯ ಹಲಗೆಯ ಮೇಲೆ ಯಾರೋ ‘ಅಂಜುಬುರುಕರ ಸಂಘ, ಶುಕ್ರವಾರ ಸಭೆ, ಬೆಂಚಿನ ಮೇಲೆ ನಿಲ್ಲಬೇಕು’ ಎಂದು ಬರೆದಿದ್ದರು.

ಅವಳು ಅದನ್ನು ಓದಿದಳು. ಚೀಲ ತೆಗೆದುಕೊಂಡು ಹೊರಗೆ ಹೋದಳು. ಮರುದಿನದಿಂದ ಬರಲಿಲ್ಲ.

ಶುಕ್ರವಾರ ಗುಂಪಿನಲ್ಲಿ ಹೇಳಿದ್ದು ನಾನೇ ಎಂದು ಒಪ್ಪಿಕೊಂಡೆ. ನನ್ನ ಏಣಿಯಲ್ಲಿ ಆ ಮೆಟ್ಟಿಲು ಇರಲಿಲ್ಲ. ಯಾರೂ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮೇಡಂ ಹೇಳಿದರು: ಚಿಕಿತ್ಸೆಯ ಗುಂಪಿನಲ್ಲಿ ಗುಟ್ಟು ಕಾಯುವುದು ಮೊದಲ ದಿನದ ಮೊದಲ ಮಾತು. ನಾವು ಅದನ್ನು ಬಾಯಲ್ಲಿ ಹೇಳಿ ಮುಂದೆ ಹೋದೆವು, ಅದು ನನ್ನ ತಪ್ಪೂ ಹೌದು. ಅಂದು ನಿಯಮಗಳನ್ನು ಬರೆದೆವು. ಇಲ್ಲಿ ಕೇಳಿದ್ದು ಇಲ್ಲೇ. ಒಳ್ಳೆಯ ಉದ್ದೇಶಕ್ಕೂ ಹೊರಗಿಲ್ಲ. ಹಳೆಯ ಗಾಯದ ಕಥೆಗಳನ್ನು ತೆಗೆಯುವುದು ನಮ್ಮ ಕೆಲಸವಲ್ಲ, ಅದಕ್ಕೆ ತರಬೇತಿ ಪಡೆದವರು ಬೇಕು. ನಮ್ಮ ಕೆಲಸ ಅಭ್ಯಾಸ. ಯಾರಿಗಾದರೂ ಬದುಕು ಬೇಡವೆನಿಸುವ ಮಾತು ಬಂದರೆ ಗುಂಪು ಅದನ್ನು ಹೊತ್ತುಕೊಳ್ಳುವುದಿಲ್ಲ, ಕೂಡಲೇ ಮೇಡಂಗೆ, 14416ಕ್ಕೆ, ವೈದ್ಯರಿಗೆ ತಿಳಿಸಬೇಕು. ಗುಟ್ಟಿನ ನಿಯಮಕ್ಕೆ ಇದೊಂದೇ ವಿನಾಯಿತಿ. ಗುಂಪು ಚಿಕಿತ್ಸೆಗೂ ಪರಸ್ಪರ ಬೆಂಬಲದ ಗುಂಪಿಗೂ ಇರುವ ಅಂತರ ನನಗೆ ಅರ್ಥವಾದದ್ದು ಹೀಗೆ. ಅದರ ಬೆಲೆಯನ್ನು ಬೇರೆಯವಳು ತೆತ್ತಳು.

ಎರಡು ಭಾನುವಾರ ಬಿಟ್ಟು ಕಿತ್ತೂರಿಗೆ ಹೋದೆ. ಅವಳ ಮನೆಯಲ್ಲಿ ಕೂಡದೆ ಕೋಟೆಯ ಕಡೆಗೆ ನಡೆದೆವು. ಪಾಳುಬಿದ್ದ ಅರಮನೆಯ ಗೋಡೆಯ ನೆರಳಿನಲ್ಲಿ ಕೂತು, “ನಾನ ಹೇಳಿದ್ಯಾ. ತಪ್ಪಾತು” ಎಂದೆ. ಅವಳು ಬಹಳ ಹೊತ್ತು ಹುಲ್ಲು ಕೀಳುತ್ತಿದ್ದಳು. “ನೀ ಅಂತ ಗೊತ್ತಿತ್ತು. ನೀ ಬಂದು ಹೇಳತೀಯೋ ಇಲ್ಲೋ ಅಂತ ನೋಡಾಕತ್ತಿದ್ದೆ” ಎಂದಳು. ಮತ್ತೆ ಗುಂಪಿಗೆ ಬಾ ಎಂದು ಕೇಳಿದೆ. “ಇಲ್ಲ. ನನಗ ಇನ್ನ ಆ ಖೋಲಿ ಬ್ಯಾಡ. ಪರೀಕ್ಷಾ ಬರೀತೀನಿ, ಪಾಠ ಮಾಡತೀನಿ, ಖೋಲಿ ಮಾತ್ರ ಬ್ಯಾಡ.” ಅವಳು ಕಾಲೇಜಿಗೆ ಮರಳಿದಳು. ಗುಂಪಿಗೆ ಕೊನೆಯವರೆಗೂ ಮರಳಲಿಲ್ಲ. ಟೆಲಿ ಮನಸ್ ಮೂಲಕ ಸಿಕ್ಕ ಆಪ್ತಸಮಾಲೋಚಕರ ಜೊತೆ ಮಾತಾಡುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೆಯೇ ಎಂದು ಕೇಳಿಲ್ಲ. ಕೇಳುವುದು ನನ್ನ ಸಮಾಧಾನಕ್ಕೇ ಹೊರತು ಅವಳ ಹಿತಕ್ಕಲ್ಲ.

ಎರಡನೆಯ ವರ್ಷದ ಹದಿನಾರು ವಾರಗಳ ಇಂಟರ್ನ್‌ಶಿಪ್ಪಿಗೆ ನನಗೆ ಸವದತ್ತಿ ತಾಲೂಕಿನ ಒಂದು ಪ್ರೌಢಶಾಲೆ ಸಿಕ್ಕಿತು. ಮೊದಲ ದಿನ ಅಂಜಿಕೆ 90 ಇತ್ತು. ಎರಡನೆಯ ವಾರಕ್ಕೆ 60. ಕೊನೆಯ ದಿನವೂ 30ಕ್ಕೆ ಕೆಳಗೆ ಇಳಿಯಲಿಲ್ಲ. ಆದರೆ ಆ ಮೂವತ್ತರ ಜೊತೆಯಲ್ಲೇ ನಾನು ಮಕ್ಕಳ ಕಡೆಗೆ ಮುಖ ಮಾಡಿ ಪಾಠ ಮಾಡಿದೆ. ನದಿಗಳ ಪಾಠ ಬಂದಾಗ ಮಲಪ್ರಭೆ ಎಲ್ಲಿ ಕೂಡುತ್ತದೆಂದು ಯಾರೂ ಕೇಳಲಿಲ್ಲ, ನಾನೇ ಕೇಳಿದೆ.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಹಾಜರಿ ಕರೆದಾಗ ಓ ಎನ್ನುತ್ತಿರಲಿಲ್ಲ. ಪಕ್ಕದವಳು ಅವಳ ಪರವಾಗಿ ‘ಬಂದಾಳ್ರಿ’ ಎನ್ನುತ್ತಿದ್ದಳು. “ಅಕಿ ಮೂಕಿ ಇದ್ದಂಗ್ರಿ” ಎಂದು ಮಕ್ಕಳು ಹೇಳಿದರು. ನೋಟ್‌ಬುಕ್ಕಿನಲ್ಲಿ ಅವಳ ಉತ್ತರಗಳು ಎಲ್ಲರಿಗಿಂತ ಉದ್ದವಾಗಿದ್ದವು. ಎರಡು ದಾರಿ ಸುಲಭವಾಗಿದ್ದವು: ಎಬ್ಬಿಸಿ ನಿಲ್ಲಿಸಿ ಮಾತಾಡಿಸುವುದು, ಇಲ್ಲವೇ ಪಾಪವೆಂದು ಬಿಟ್ಟುಬಿಡುವುದು. ಒಂದು ಭಯವನ್ನು ಹೆಚ್ಚಿಸುತ್ತದೆ, ಇನ್ನೊಂದು ಭಯವನ್ನು ಕಾಪಾಡುತ್ತದೆ. ನಾನು ಇಡೀ ತರಗತಿಗೇ ಕ್ರಮ ಬದಲಿಸಿದೆ. ಪ್ರಶ್ನೆ ಕೇಳಿ, ಮೊದಲು ಒಂದು ನಿಮಿಷ ಎಲ್ಲರೂ ಬರೆಯಬೇಕು, ನಂತರ ಪಕ್ಕದವರಿಗೆ ಹೇಳಬೇಕು, ನಂತರ ನಾಲ್ವರ ಗುಂಪಿನಲ್ಲಿ, ಕೊನೆಗೆ ಬೇಕಾದವರು ತರಗತಿಗೆ. ಅವಳು ಏಳನೆಯ ವಾರ ನಾಲ್ವರ ಗುಂಪಿನವರೆಗೆ ಬಂದಳು. ಹದಿನಾರು ವಾರ ಮುಗಿದರೂ ತರಗತಿಗೆ ಮಾತಾಡಲಿಲ್ಲ. ಆದರೆ ಕೊನೆಯ ವಾರ ಹಾಜರಿ ಕರೆಯುವಾಗ ಪಕ್ಕದವಳು ಬಾಯಿ ತೆರೆಯುವ ಮೊದಲೇ, ತಲೆ ಎತ್ತದೆ, “ಬಂದೀನ್ರಿ” ಎಂದಳು. ನಾನು ಹೊಗಳಲಿಲ್ಲ, ನಿಲ್ಲಲಿಲ್ಲ, ಮುಂದಿನ ಹೆಸರು ಕರೆದೆ. ಎಲ್ಲರ ಕಣ್ಣು ತನ್ನ ಮೇಲೆ ಬೀಳಲಿ ಎಂದು ಅವಳು ಹೇಳಿದ್ದಲ್ಲವೆಂದು ನನಗೆ ಗೊತ್ತಿತ್ತು. ನಾವು ಕಲಿತ ಪುನರ್ಬಲನ ಕೌಶಲದ ಹಾಳೆಯಲ್ಲಿ ಇದಕ್ಕೆ ಅಂಕ ಸಿಗುವುದಿಲ್ಲ.

ನಮ್ಮ ಭಾಗಕ್ಕೆ ಗುಂಪು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಲ್ಯಾಣದಲ್ಲಿ ಕೂಡಿ ತಮ್ಮ ಅನುಭವ ಹೇಳಿದ್ದನ್ನು ಮನೆಮನೆಯಲ್ಲಿ ನೆನೆಯುತ್ತೇವೆ. ನನ್ನ ಅವ್ವ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಮೊದಲ ವರ್ಷ ಬಾಯಿಬಿಡಲಿಲ್ಲವಂತೆ. ಈಗ ಬ್ಯಾಂಕಿನ ಮ್ಯಾನೇಜರರ ಎದುರು ಲೆಕ್ಕ ಕೇಳುತ್ತಾಳೆ. ಅವಳಿಗೆ ಯಾರೂ ಆತ್ಮವಿಶ್ವಾಸ ಬೆಳೆಸಿಕೋ ಎಂದು ಬರೆದುಕೊಡಲಿಲ್ಲ. ವಾರಕ್ಕೊಮ್ಮೆ ಕೂಡಲು ಒಂದು ಜಾಗ, ಮಾತಾಡಲು ಒಂದು ಸಣ್ಣ ಕಾರಣ ಕೊಟ್ಟರು. ಆದರೆ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ತೊಂದರೆಯ ಬಗೆಗೆ ತಕ್ಕಂತೆ, ಶೇಕಡ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಮುಟ್ಟಿರಲಿಲ್ಲ. ಆ ಅಂತರವನ್ನು ನಮ್ಮ ಶುಕ್ರವಾರದ ಕೋಣೆ ತುಂಬಲಾರದು. ಚಿಕಿತ್ಸೆಯ ಬಾಗಿಲವರೆಗೆ ಜೊತೆಗೆ ನಡೆಯಬಲ್ಲದು.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಚಿಕ್ಕದು. ಪಾಠ ತಪ್ಪಿಸುವ ಪ್ರಶಿಕ್ಷಣಾರ್ಥಿಯನ್ನು ಸೋಮಾರಿ ಎಂದು ಬರೆಯುವ ಮೊದಲು ಒಮ್ಮೆ ಒಬ್ಬರೇ ಕೂರಿಸಿ ಕೇಳಿರಿ. ಅಣುಬೋಧನೆಗೆ ಅಂಕವಿಲ್ಲದ ಒಂದು ಸುತ್ತು ಇಡಿರಿ. ವೀಕ್ಷಣಾ ಹಾಳೆಯಲ್ಲಿ ‘ಆತ್ಮವಿಶ್ವಾಸ ಬೆಳೆಸಿಕೊಳ್ಳಬೇಕು’ ಎಂದು ಬರೆಯುವ ಜಾಗದಲ್ಲಿ, ಮುಂದಿನ ಪಾಠದಲ್ಲಿ ಏರಬೇಕಾದ ಒಂದೇ ಒಂದು ಮೆಟ್ಟಿಲನ್ನು ಬರೆಯಿರಿ.

ಈ ವರ್ಷ ನಾವು ನಾಲ್ವರೂ ಹೊರಬೀಳುತ್ತೇವೆ. ಮೊದಲ ವರ್ಷದವರಿಗಾಗಿ ಶುಕ್ರವಾರ ನಾಲ್ಕು ಗಂಟೆಯ ಕೋಣೆಯನ್ನು ಮೇಡಂ ಉಳಿಸಿಕೊಂಡಿದ್ದಾರೆ. ಹೋದ ವಾರ ಅಲ್ಲಿ ಕೂತಿದ್ದಾಗ ಯಾರೋ ಬಾಗಿಲ ಮುಂದೆ ಹಾದುಹೋದರು, ಸ್ವಲ್ಪ ಹೊತ್ತಿಗೆ ಮತ್ತೆ ಹಾದುಹೋದರು. ನಾವು ಎದ್ದು ಕರೆಯಲಿಲ್ಲ. ಬಾಗಿಲನ್ನು ಇನ್ನಷ್ಟು ತೆರೆದಿಟ್ಟು ಕಾದೆವು.